ದಕ್ಷಿಣಕ್ಕೆ ನಿಲ್ಲದ ಕಾರು

ಕಾರಿನ ಅಡಿಯಲ್ಲಿಟ್ಟಿದ್ದ ಬೋಗುಣಿಯನ್ನು ಸಣ್ಣಯ್ಯ ಹೊರಗೆಳೆದ. ಬೆಳಿಗ್ಗೆ ಇಟ್ಟದ್ದು, ಮಧ್ಯಾಹ್ನದ ಹೊತ್ತಿಗೆ ಅರ್ಧ ತುಂಬಿತ್ತು. ಅಂಗಳವೆಲ್ಲ ಪೆಟ್ರೋಲಿನ ವಾಸನೆ.

"ಕಾರ್ಬೊರೇಟ್ರು ಮತ್ತೆ ಸೋರ್ತಾ ಅದೆ ಸಾ."

"ಅದು ನನಗೂ ಕಾಣ್ತಿದೆಯಪ್ಪ," ಎಂದರು ವಕೀಲ ಚಂದ್ರಶೇಖರಯ್ಯ. "ಕುದುರೆ ಮೈಗೆ ಕೋಣನ ಗುಂಡಿಗೆ ಕೂರಿಸಿದವನು ನೀನು. ಹೇಗೆ ನಿಲ್ಲಿಸ್ತೀಯೋ ನಿಲ್ಲಿಸು. ಶುಕ್ರವಾರ ಅರಕಲಗೂಡಿಗೆ ಹೋಗಲೇಬೇಕು."

ಕೋಣನ ಗುಂಡಿಗೆಯ ಮಾತು ಸುಳ್ಳಲ್ಲ. ಹಳೆಯ ಎಂಜಿನ್ನು ಹೋದ ವರ್ಷ ಒಡೆದಾಗ, ಯುದ್ಧದ ದೆಸೆಯಿಂದ ಬೇರೆಯದು ಸಿಗದೆ, ಹಾಸನದ ಮೆಕ್ಯಾನಿಕ್ ಸಣ್ಣಯ್ಯ ಯಾವುದೋ ಮುರಿದ ಲಾರಿಯ ಎಂಜಿನ್ನನ್ನು ಈ ಕಾರಿಗೆ ಹೊಂದಿಸಿದ್ದ. ಅಂದಿನಿಂದ ಓಡುವಾಗ ಸಿಂಹ, ನಿಂತರೆ ಸೋರುವ ಮಡಕೆ. ಮಗಳು ಶಿವಗಂಗೆಗೆ ಏಳು ತಿಂಗಳು. ಚೊಚ್ಚಲ ಬಾಣಂತನಕ್ಕೆ ಅವಳನ್ನು ಅರಕಲಗೂಡಿನ ಗಂಡನ ಮನೆಯಿಂದ ಹೊಳೆನರಸೀಪುರಕ್ಕೆ ಕರೆತರಲು ರೇಷನ್ ಕೂಪನ್ನಿನ ಪೆಟ್ರೋಲನ್ನು ತೊಟ್ಟು ತೊಟ್ಟಾಗಿ ಉಳಿಸಿಟ್ಟರೆ, ಅದು ತೊಟ್ಟು ತೊಟ್ಟಾಗಿಯೇ ಮಣ್ಣು ಸೇರುತ್ತಿತ್ತು. ಅದೂ ಮುಗಿದರೆ ಬಸುರಿ ಹುಡುಗಿ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕುಲುಕಿಕೊಂಡು ಬರಬೇಕು.

ಸಣ್ಣಯ್ಯ ಕಾರ್ಬೊರೇಟರ್ ಬಿಚ್ಚಿ, ಒಳಗೆ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ವಕೀಲರ ಹೆಂಡತಿ ನೀಲಾಂಬಿಕೆ ತಂದುಕೊಟ್ಟ ಬಿಸಿನೀರಿನಲ್ಲಿ ಅದ್ದಿದ. ಒಂದು ಗುಳ್ಳೆಯೂ ಏಳಲಿಲ್ಲ. ತೂತಿಲ್ಲ, ಕಸವಿಲ್ಲ.

"ನನ್ನ ಷೆಡ್ನಲ್ಲಿ ಎಲ್ಡು ದಿನ ಇಟ್ಕಂಡಿದ್ದೆ. ಒಂದು ತೊಟ್ಟೂ ಬೀಳ್ನಿಲ್ಲ. ನಿಮ್ಮ ಅಂಗ್ಳಕ್ಕೆ ಬಂದೇಟ್ಗೆ ಸುರು. ಇದೇನ್ ಸಾ ಇಚಿತ್ರ?" ಎನ್ನುತ್ತ ಅದನ್ನು ಮತ್ತೆ ಜೋಡಿಸಿದ. ತಲೆ ಕೆರೆದುಕೊಂಡು, ದೃಷ್ಟಿಗೆಂದು ನೀಲಾಂಬಿಕೆ ಕಾರಿನ ಮೂತಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಕಿತ್ತು ಕಾರಿನ ಮೆಟ್ಟಿಲ ಹಲಗೆಯ ಮೇಲಿಟ್ಟ. ಅದು ಹಿಂದಕ್ಕೆ ಉರುಳಿ ಉರುಳಿ ನೆಲಕ್ಕೆ ಬಿತ್ತು.

"ಗೊತ್ತಾಯ್ತು ಸಾ! ಲಾರಿ ಎಂಜಿನ್ನು ಮೊದ್ಲೇ ಒಸಿ ಹಿಂದ್ಕೆ ಒರ್ಗಿ ಕುಂತದೆ. ನಿಮ್ಮ ಅಂಗ್ಳ ಮನೆ ಕಡೀಗೆ ಏರು. ಕಾರು ಮಖ ಮೇಲೆತ್ಕಂಡು ನಿಂತ್ರೆ ಬುರುಡೆ ಒಂದ್ಕಡೆ ಕಚ್ಕಂಡು ಪೆಟ್ರೋಲು ಬರೋ ದಾರಿ ಮುಚ್ಚಾಕಿಲ್ಲ. ಮೊದ್ಲು ಬೀದಿ ಕಡೆ ಮಖ ಮಾಡಿ ನಿಲ್ಲುಸ್ತಿದ್ರಲ್ಲ? ಇಂಗೆ ಯಾವತ್ತಿಂದ?"

ಕೋರ್ಟಿನಲ್ಲಿ ಸಾಕ್ಷಿಗಳ ಬೆವರಿಳಿಸುವ ಚಂದ್ರಶೇಖರಯ್ಯ ಕೆಮ್ಮಿದರು. "ಅದು... ನೆರಳಿಗೆ ಅಂತ."

ಸಣ್ಣಯ್ಯ ತಲೆಯೆತ್ತಿ ನೋಡಿದ. ಅಂಗಳದಲ್ಲಿ ಒಂದು ನುಗ್ಗೆಗಿಡವೂ ಇರಲಿಲ್ಲ.

"ನಾನೇ ಹೇಳಿದ್ದು ಸಣ್ಣಯ್ಯ," ಎಂದರು ಬಾಗಿಲಲ್ಲಿದ್ದ ನೀಲಾಂಬಿಕೆ. "ಬೀದಿ ಇರೋದು ದಕ್ಷಿಣಕ್ಕೆ. ಕಾರು ಯಮನ ದಿಕ್ಕಿಗೆ ಮುಖಮಾಡಿ ನಿಂತಿದ್ದಾಗಲೇ ಇವರಿಗೆ ಆ ಇಪ್ಪತ್ತೊಂದು ದಿನದ ಜ್ವರ ಬಂದದ್ದು."

ರಾಹುಕಾಲವನ್ನೂ ಶಕುನವನ್ನೂ ಗೇಲಿ ಮಾಡುವುದರಲ್ಲಿ ಊರಿಗೇ ಹೆಸರಾದ ವಕೀಲರು, ಹಾಸಿಗೆಯಿಂದೆದ್ದ ಮೊದಲ ದಿನವೇ ಹೆಂಡತಿಯ ಮಾತಿಗೆ ಕಾರು ತಿರುಗಿಸಿದ್ದರು. ಲಾರಿಯ ಎಂಜಿನ್ನು ಬಂದದ್ದೂ ಅದೇ ವಾರ. ಹಾಗಾಗಿ ಬೈಗುಳವೆಲ್ಲ ಪಾಪ ಎಂಜಿನ್ನಿನ ಪಾಲಿಗೆ ಹೋಗಿತ್ತು.

"ಪೆಟ್ರೋಲ್ ಟ್ಯಾಂಕಿನ ನಲ್ಲೀನಾದ್ರೂ ಮುಚ್ಚಾನಾ ಅಂದ್ರೆ ಅದೂ ಸವ್ದೋಗದೆ, ಬೇರೆ ಸಿಗಾಕಿಲ್ಲ," ಎಂದ ಸಣ್ಣಯ್ಯ. "ಕಾರು ತಿರುಗ್ಸೋದೊಂದೇ ದಾರಿ ಸಾ."

ನೀಲಾಂಬಿಕೆ ಅಂಗಳಕ್ಕಿಳಿದು ಬಂದರು. "ಹಾಗಾದ್ರೆ ತಿರುಗಿಸಿಬಿಡಿ. ಮಗಳು ಸುಖವಾಗಿ ಬಂದರೆ ಸಾಕು," ಎಂದರು. ಕೈ ಮಾತ್ರ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಚಂದ್ರಶೇಖರಯ್ಯ ಆ ಕೈಯನ್ನು ನೋಡಿದರು. ಹಿತ್ತಲಿಗೆ ಹೋಗಿ ಗುದ್ದಲಿ ತಂದರು. ಪಂಚೆ ಎತ್ತಿ ಕಟ್ಟಿ, ಕಾರನ್ನು ಹಿಂದಕ್ಕೆ ತಳ್ಳಿಸಿ, ಮುಂದಿನ ಎರಡು ಚಕ್ರ ನಿಲ್ಲುವ ಕಡೆ ಅಗೆಯತೊಡಗಿದರು. "ತಿರುಗ್ಸೋದು ಒಂದು ನಿಮ್ಸದ ಕೆಲ್ಸ ಸಾ, ಇದ್ಯಾಕೆ?" ಎಂದು ಸಣ್ಣಯ್ಯ ಹೇಳಿದರೂ ಕೇಳಲಿಲ್ಲ. ಪೆನ್ನು ಬಿಟ್ಟು ಬೇರೇನೂ ಹಿಡಿಯದ ಕೈಯಲ್ಲಿ ನಾಲ್ಕೇಟಿಗೇ ಬೊಬ್ಬೆ ಎದ್ದಿತು. ಕೊನೆಗೆ ಸಣ್ಣಯ್ಯನೇ ಗುದ್ದಲಿ ಕಸಿದುಕೊಂಡ.

ಸಂಜೆಯ ಹೊತ್ತಿಗೆ ಕಾರು ಮುಂಗಾಲನ್ನು ಗುಂಡಿಯೊಳಗಿಟ್ಟು, ಉತ್ತರಕ್ಕೇ ಮುಖಮಾಡಿ, ಸಮವಾಗಿ ನಿಂತಿತು. ಹಲಗೆಯ ಮೇಲಿಟ್ಟ ನಿಂಬೆಹಣ್ಣು ಅಲುಗಲಿಲ್ಲ. ಗಂಟೆ ಕಳೆದರೂ ಬೋಗುಣಿ ಒಣಗಿಯೇ ಇತ್ತು. ನೀಲಾಂಬಿಕೆ ಬೊಬ್ಬೆಗೆ ಹಚ್ಚಲು ಬೆಣ್ಣೆ ತರುತ್ತೇನೆಂದು ಒಳಗೆ ಹೋದರು.

ಸಣ್ಣಯ್ಯ ದನಿ ತಗ್ಗಿಸಿ ಕೇಳಿದ: "ನೀವೂ ಇದ್ನೆಲ್ಲ ನಂಬ್ತೀರಾ ಸಾ?"

"ನಂಬಲ್ಲ," ಎಂದರು ಚಂದ್ರಶೇಖರಯ್ಯ, ಜಗಲಿಗೆ ಒರಗಿ ಅಂಗೈ ಊದಿಕೊಳ್ಳುತ್ತ. "ಆದರೆ ಆ ಇಪ್ಪತ್ತೊಂದು ರಾತ್ರಿ ಇವಳು ನನ್ನ ಮೂಗಿನ ಹತ್ತಿರ ಬೆರಳಿಟ್ಟು, ಉಸಿರು ಆಡ್ತಿದೆಯಾ ಅಂತ ನೋಡ್ತಾ ಕೂತಿದ್ದಳು. ಕಣ್ಣು ಬಿಟ್ಟರೆ ಅಳ್ತಾಳೆ ಅಂತ ನಾನು ನಿದ್ದೆ ಬಂದವನ ಹಾಗೆ ಮಲಗಿದ್ದೆ. ಕಾರು ತಿರುಗಿಸಿದರೆ ಇವತ್ತಿನಿಂದ ಮತ್ತೆ ಹಾಗೇ ಕೂರ್ತಾಳೆ ಕಣಯ್ಯ."

ಬೆಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕೆ ಕೇಳಿದರು:

"ಎಚ್ಚರ ಇತ್ತೇ ನಿಮಗೆ?"