ಕೆಂಚನಿಗೆ ಉಪ್ಪು ಹಾಕಿದವರು

ರೋಗಿಷ್ಠ ನಾಯಿಗೆ ಕದ್ದುಮುಚ್ಚಿ ಉಪ್ಪಿನ ತಿಂಡಿ ಹಾಕುವ ನಿಮಗೆ ನಾಚಿಕೆಯಾಗುವುದಿಲ್ಲವೇ?

ಹೀಗೆಂದು ಬರೆದ ಫಲಕವನ್ನು ನಮ್ಮ ಗೇಟಿಗೆ ತೂಗುಹಾಕಿದವನು ನಾನೇ, ನಿವೃತ್ತ ಮುಖ್ಯೋಪಾಧ್ಯಾಯ. ನಮ್ಮ ನಾಯಿ ಕೆಂಚನ ಹೃದಯ ದುರ್ಬಲವಾಗಿ, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ದಿನಕ್ಕೆ ಮೂರು ಮಾತ್ರೆ ಕೊಡಬೇಕು, ಉಪ್ಪು ಸಂಪೂರ್ಣ ವರ್ಜ್ಯ ಎಂದು ವೈದ್ಯರು ಹೇಳಿದ್ದರು. ಆದರೂ ವಾರದೊಳಗೆ ಅವನು ಮಲಗಲಾರದೆ, ಕತ್ತು ಚಾಚಿ ಏದುಸಿರು ಬಿಡತೊಡಗಿದ.

ಪಕ್ಕದ ಮನೆಯ ಕುಸುಮಕ್ಕನನ್ನು ಬೇಲಿಯ ಬಳಿಯೇ ತರಾಟೆಗೆ ತೆಗೆದುಕೊಂಡೆ.

“ನನ್ನ ಚಕ್ಕುಲಿಯನ್ನು ನಿಮ್ಮ ನಾಯಿ ಮೂಸಿಯೂ ನೋಡುದಿಲ್ಲ ಮಾಷ್ಟ್ರೇ,” ಎಂದರು ಅವರು. “ನಿಮ್ಮ ಭಾಷಣ ಕೇಳಿಯೇ ಅದಕ್ಕೆ ಉಸಿರು ಕಟ್ಟಿರ್ಬೇಕು.”

ನಾನೂ ನನ್ನ ಹೆಂಡತಿ ಜಲಜಳೂ ಕೆಂಚನನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಧಾವಿಸಿದೆವು. ವೈದ್ಯರು ಚುಚ್ಚುಮದ್ದು ಕೊಟ್ಟು, ಮೂತಿಗೆ ಆಮ್ಲಜನಕ ಹಿಡಿದರು. ಅಂತೂ ಜೀವ ಉಳಿಯಿತು.

“ಮಾತ್ರೆ ತಪ್ಪಿಸಿದ್ರಾ?” ಎಂದು ಅವರು ಕೇಳಿದರು.

“ಮೂವತ್ತು ವರ್ಷ ಹಾಜರಿ ಕರೆದವ ನಾನು ಡಾಕ್ಟ್ರೇ. ಒಂದು ಹೊತ್ತೂ ತಪ್ಪಿಸಲಿಲ್ಲ.”

“ಉಗುಳುದಿಲ್ವಾ?”

“ಎಲ್ಲಿಯ ಉಗುಳುದು! ಪ್ರತಿ ಮಾತ್ರೆಯನ್ನೂ ಒಣಮೀನಿನ ತುಂಡಿನೊಳಗೆ ಹುದುಗಿಸಿ, ನನ್ನ ಕೈಯಾರೆ ತಿನ್ನಿಸ್ತೇನೆ.”

ವೈದ್ಯರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

“ಅಯ್ಯೋ ದೇವರೇ,” ಎಂದಳು ಜಲಜ, “ಅದನ್ನು ಸೇರುಗಟ್ಟಲೆ ಉಪ್ಪು ಹಾಕಿಯಲ್ವಾ ಒಣಗಿಸುದು!”

ಸುದ್ದಿ ನಮಗಿಂತ ಮೊದಲೇ ಬೀದಿಗೆ ತಲುಪಿತ್ತು. ಕುಸುಮಕ್ಕ ಈಗ ಬೇಲಿಯ ಬಳಿ ಕುರ್ಚಿ ಹಾಕಿಕೊಂಡೇ ಕುಳಿತಿದ್ದಾರೆ. ನೀವು ಈ ದಾರಿಯಾಗಿ ಬಂದರೆ, ದಯವಿಟ್ಟು ಆ ಫಲಕವನ್ನು ಕಿತ್ತುಕೊಂಡು ಹೋಗಿ.