ದೊಡ್ಡ ಫೈಲು

ಕಾಣೆಯಾದ ಮಗನ ಫೋಟೊ ಕೇಳಿಕೊಂಡು ಗಂಡ ಹೆಂಡತಿ ಧರಣೇಂದ್ರನ ಸ್ಟುಡಿಯೋಗೆ ಬಂದರು. ಹೋದ ತಿಂಗಳು ಕೆಲಸದ ಅರ್ಜಿಗೆಂದು ಧರಣೇಂದ್ರನೇ ತೆಗೆದಿದ್ದ ಫೋಟೊ. ವಾಟ್ಸಾಪ್‌ನಲ್ಲಿ ಹಂಚಲು ಚಿಕ್ಕದು ಮಾಡಿ ಕಳಿಸಿದ.

“ಮೊಬೈಲಲ್ಲಿ ನೋಡೋಕೆ ಇಷ್ಟು ಸಾಕಮ್ಮ. ದೊಡ್ಡ ಫೈಲು ಬೇಕಾಗೋದು ಪ್ರಿಂಟಿಗೆ ಮಾತ್ರ. ಜಾಗ ಸಾಲಲ್ಲ ಅಂತ ತಿಂಗಳಿಗೊಮ್ಮೆ ಅಳಿಸ್ತೀನಿ. ಇದನ್ನ ಇಟ್ಟಿರ್ಲಾ?”

ಗಂಡ ಬಾಯಿ ತೆರೆಯುವ ಮೊದಲೇ ಅವಳೆಂದಳು: “ಅಳಿಸ್ಬಿಡಿ. ಪ್ರಿಂಟು ಯಾಕೆ? ನಾಡಿದ್ದರೊಳಗೆ ನನ್ನ ಮಗ ಬಂದೇ ಬರ್ತಾನೆ.”

ಆ ಮಾತಿಗೆ ಗಂಡನಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು, ಸ್ಕೂಟರ್ ತೆಗೆಯಲು ಮೆಟ್ಟಿಲಿಳಿದ. ಧರಣೇಂದ್ರನಿಗೂ ಸಮಾಧಾನವೆನಿಸಿ, ಫೈಲು ಅಳಿಸಲು ಮೌಸ್ ಹಿಡಿದ.

ಅವಳು ಕೌಂಟರಿನ ಮೇಲೆ ಬಾಗಿ ಅವನ ಕೈ ತಡೆದಳು.

“ಅಳಿಸ್ಬೇಡಿ,” ದನಿ ತಗ್ಗಿಸಿದಳು. “ಹಾರ ಹಾಕೋ ಫ್ರೇಮಿಗೆ ಅದೇ ಬೇಕಲ್ವಾ?”