ತಂಗಿ ಎತ್ತರವಾದ ಯುಗಾದಿ

ಆ ಕಾಲದಲ್ಲಿ ಗದಗಿನಲ್ಲಿ ತೀರಿಕೊಂಡ ಮಕ್ಕಳೂ ಫೋಟೋದೊಳಗೆ ವರ್ಷವರ್ಷ ಬೆಳೆಯುತ್ತಿದ್ದರು. ಐದು ವರ್ಷಕ್ಕೇ ಜ್ವರದಲ್ಲಿ ಹೋದ ಹಿರಿಮಗಳು ಮೇಘಾಳನ್ನು ನೀಲವ್ವ ಪ್ರತಿ ಯುಗಾದಿಗೂ ಫಕೀರಪ್ಪನ ಸ್ಟುಡಿಯೋದಲ್ಲಿ ಬೆಳೆಸಿಕೊಂಡು ಬಂದಿದ್ದಳು. ಅವನು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಮೇಘಾಳ ಜಡೆ ಉದ್ದವಾಗುತ್ತಿತ್ತು, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿತ್ತು. ಹೋದ ವರ್ಷದ ಫೋಟೋದಲ್ಲಿ ಅವಳು ತಂಗಿ ಸೃಷ್ಟಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

ಈ ಯುಗಾದಿಗೆ ಫಕೀರಪ್ಪ ತಲೆ ತಗ್ಗಿಸಿದ. “ಅಕ್ಕಾರ, ಹೊಸ ಅಪ್‌ಡೇಟ್ ಬಂತ್ರಿ. ವಯಸ್ಸು ಏರಿಸೋದನ್ನ ತಗದುಬಿಟ್ಟಾರ. ಬೇಕಾದ್ರ ಹೋದ ವರ್ಷದ ಮೇಘಾನ್ನ ಹಂಗ ಜೋಡಿಸ್ತೀನ್ರಿ.”

“ಬರೋ ವರ್ಷ?”

“ಆವಾಗೂ ಅಷ್ಟ ಇರ್ತಾಳ್ರಿ.”

ನೀಲವ್ವ ಬೆಂಚಿನ ಮೇಲೆ ಕುಸಿದು ಕುಳಿತಳು. ಮಗಳನ್ನು ಮಣ್ಣು ಮಾಡಿದ ದಿನ ಬಂಧುಬಳಗವೆಲ್ಲ ಬಂದು ಅತ್ತಿತ್ತು. ಈ ಎರಡನೇ ಸಾವನ್ನು ಯಾರಿಗೆ ಹೇಳಿಕೊಳ್ಳುವುದು? “ಮದುವಿ ಸೀರ್ಯಾಗ ಆಕೀನ್ನ ನೋಡೋದಿತ್ತೋ ಫಕೀರಪ್ಪಾ,” ಎಂದಳು.

ಸೃಷ್ಟಿ ತಾಯಿಯ ಕಣ್ಣೊರೆಸಿ, ಹೋಗಿ ಪರದೆಯ ಮುಂದೆ ನಿಂತಳು. ಫಕೀರಪ್ಪ ಫೋಟೋ ತೆಗೆದು ಪಕ್ಕದಲ್ಲಿ ಮೇಘಾಳನ್ನು ಜೋಡಿಸಿದ. ತಂಗಿ ಅಕ್ಕನಿಗಿಂತ ಎರಡು ಬೆರಳು ಎತ್ತರ ಕಂಡಳು. ನೀಲವ್ವ ಮುಖ ತಿರುಗಿಸಿದಳು.

“ಕಾಕಾ, ಇನ್ನೊಮ್ಮೆ ತಗೀರಿ,” ಎಂದು ಸೃಷ್ಟಿ ಉದ್ದ ಲಂಗದೊಳಗೆ ಮೊಣಕಾಲು ಬಗ್ಗಿಸಿ, ಗಿಡ್ಡಳಾಗಿ ನಿಂತಳು.

ನೀಲವ್ವ ಅದನ್ನು ಕಂಡಳು. ಎದ್ದು ಬಂದು ಮಗಳ ಎರಡೂ ರಟ್ಟೆ ಹಿಡಿದು ಮೇಲೆತ್ತಿದಳು.

“ನೆಟ್ಟಗ ನಿಂದ್ರ ನನ್ನವ್ವಾ,” ಎಂದಳು ಬಿಕ್ಕುತ್ತಲೇ. “ನೀನಾದ್ರೂ ಬೆಳಿ.”